ಹಸಿಂತೋನ ಒಳ್ಳೆಯ ಕಾಲು

ಕಳೆದ ವಾರ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಬಡಾವಣೆಯಲ್ಲಿರುವ ನಮ್ಮ ಕ್ಲಿನಿಕ್ಕಿಗೆ ವಯಸ್ಸಾದವರೊಬ್ಬರು ಮಂಡಿನೋವೆಂದು ಬಂದಿದ್ದರು. ಬರುವ ಮುಂಚೆ ಹೆಂಡತಿ ಎರಡೂ ಮಂಡಿಗೆ ಎಣ್ಣೆ ತಿಕ್ಕಿ ಕಳಿಸಿದ್ದರಂತೆ. ಪ್ಯಾಂಟನ್ನು ಮೇಲಕ್ಕೆ ಮಡಚಿದ್ದೇ ತಡ, ನೀಲಗಿರಿ ಎಣ್ಣೆಯನ್ನು ಹೋಲುವ, ಆದರೆ ಅದಕ್ಕಿಂತ ಕೊಂಚ ಸಿಹಿಯಾದ ಘಾಟೊಂದು ಕೋಣೆಯನ್ನೆಲ್ಲ ತುಂಬಿಕೊಂಡಿತು. ಇಲ್ಲಿಯ ಫುಟ್‌ಬಾಲ್ ಆಟಗಾರರು ಚಳಿಗಾಲದಲ್ಲಿ ಮೈದಾನಕ್ಕಿಳಿಯುವ ಮುಂಚೆ ತೊಡೆಗೆ, ಮೀನಖಂಡಕ್ಕೆ ಹಚ್ಚಿಕೊಳ್ಳುವ ಎಣ್ಣೆ ಅದು. ಒಂದು ಕಾಲದಲ್ಲಿ ನನ್ನ ಬಟ್ಟೆ, ಕೂದಲು, ಊಟದ ಡಬ್ಬಿಗೂ ಅಂಟಿಕೊಂಡಿದ್ದ ವಾಸನೆ. ಕೈಯಲ್ಲಿದ್ದ ಪೆನ್ನು ಹಿಡಿದು ಹಾಗೇ ನಿಂತುಬಿಟ್ಟೆ. “ಹುಷಾರಾಗಿದ್ದೀಯೇನಮ್ಮಾ?” ಎಂದು ಆ ಹಿರಿಯರೇ ನನ್ನನ್ನು ಕೇಳಬೇಕಾಯಿತು.

ಹುಷಾರಾಗಿದ್ದೇನೆ ಎಂದೆ. ಅವರ ಮಂಡಿ ನೋಡಿದೆ, ವ್ಯಾಯಾಮ ಬರೆದುಕೊಟ್ಟೆ, ಕಳಿಸಿದೆ. ಆಮೇಲೆ ಕಿಟಕಿ ತೆರೆದಿಟ್ಟೆ. ಆ ಒಂದು ವರ್ಷದ ವಿಷಯವನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಿದಾಗಲೆಲ್ಲ ನನಗೆ ಅನುಕೂಲವಾಗುವಷ್ಟನ್ನು ಹೇಳಿ ಮಾತು ಬದಲಿಸಿದ್ದೇನೆ. ಈ ಸಲ ಹಾಗೆ ಮಾಡುವುದಿಲ್ಲ.

ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ, ಇಲ್ಲಿಗೆ ಬಂದು ಎಂ.ಎಸ್ಸಿ. ಮುಗಿಸಿದ ವರ್ಷ ಅದು. ಹಡರ್ಸ್‌ಫೀಲ್ಡಿನಲ್ಲಿ ಧಾರವಾಡದ ಶಬಾನಾ ಜೊತೆ ಒಂದು ಇಕ್ಕಟ್ಟಾದ ಮನೆ ಹಂಚಿಕೊಂಡಿದ್ದೆ. ಅವಳು ವಿಶ್ವವಿದ್ಯಾಲಯದಲ್ಲಿ ಉಣ್ಣೆಯ ನೂಲಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಅಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಸಣ್ಣ ಊರೊಂದರ ಫುಟ್‌ಬಾಲ್ ಕ್ಲಬ್ಬಿನಲ್ಲಿ ನನಗೆ ಒಂದು ಸೀಸನ್ನಿನ ಮಟ್ಟಿಗೆ ಫಿಸಿಯೋ ಕೆಲಸ ಸಿಕ್ಕಿತು. ದೊಡ್ಡ ಕ್ಲಬ್ಬೇನಲ್ಲ. ನೀವು ಟಿವಿಯಲ್ಲಿ ನೋಡುವ ಆಟಕ್ಕಿಂತ ಮೂರು ಮೆಟ್ಟಿಲು ಕೆಳಗಿನದು. ತಗಡು ಹೊದಿಸಿದ ಎರಡು ಸ್ಟ್ಯಾಂಡು, ಉಳಿದೆರಡು ಬದಿ ಬೆಟ್ಟದ ಕಡೆಗೆ ಬಯಲು. ಗಾಳಿ ಆ ಬೆಟ್ಟದಿಂದಲೇ ಇಳಿಯುತ್ತಿತ್ತು. ಮಳೆ ಅಲ್ಲಿ ಮೇಲಿನಿಂದ ಬೀಳುತ್ತಿರಲಿಲ್ಲ, ಪಕ್ಕದಿಂದ ಬಂದು ಕಿವಿಯೊಳಗೆ ಹೊಗುತ್ತಿತ್ತು.

“ಅಷ್ಟೊಂದು ಓದಿ ಗಂಡಸರ ಕಾಲು ಒತ್ತೋಕೆ ಹೋದ್ಯೇನೇ?” ಎಂದರು ಅಮ್ಮ ಫೋನಿನಲ್ಲಿ.

“ಒತ್ತೋದಲ್ಲಮ್ಮಾ, ರಿಪೇರಿ ಮಾಡೋದು.”

“ಎರಡೂ ಒಂದೇ. ಸ್ವೆಟರ್ ಹಾಕ್ಕೊಂಡು ಮಾಡು.”

ನನ್ನ ಮೇಲಿನವನು ಗ್ರಹಾಮ್. ಇಪ್ಪತ್ತು ವರ್ಷದಿಂದ ಅದೇ ಕ್ಲಬ್ಬಿನ ಹೆಡ್ ಫಿಸಿಯೋ. ದಿನಕ್ಕೆ ಹತ್ತು ಕಪ್ ಚಹಾ, ಹತ್ತೇ ಮಾತು. ಮೊದಲ ದಿನವೇ ಅವನು ನನಗೆ ಹೇಳಿದ ನಿಯಮ ಒಂದೇ: ಗಾಯಗೊಂಡ ಆಟಗಾರನನ್ನು ಯಾರು ದುರಸ್ತಿ ಮಾಡಿದರೋ ಅವರೇ ಕೊನೆಗೆ ಪರೀಕ್ಷೆ ಮಾಡಬೇಕು, ಅವರೇ ಕಾಗದಕ್ಕೆ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಮ್ಯಾನೇಜರ್ ಅಲ್ಲ, ಮ್ಯಾನೇಜರನ ಅಪ್ಪ ಬಂದರೂ ಆಟಗಾರನನ್ನು ಮೈದಾನಕ್ಕಿಳಿಸುವಂತಿಲ್ಲ. ಇಷ್ಟು ದೊಡ್ಡ ಅಧಿಕಾರ ನನ್ನ ಕೈಗೆ ಬಂದದ್ದು ಅದೇ ಮೊದಲು. ಸುಳ್ಳೇಕೆ, ಖುಷಿಯಾಗಿತ್ತು.

ಆಗಸ್ಟ್ ಮೊದಲ ವಾರ ಎಲ್ಲ ಆಟಗಾರರ ಮೈ ಪರೀಕ್ಷೆ. ಒಂದು ಕುರ್ಚಿಯಂಥ ಯಂತ್ರದಲ್ಲಿ ಕೂರಿಸಿ, ಸೊಂಟಕ್ಕೆ ಪಟ್ಟಿ ಬಿಗಿದು, ಕಣಕಾಲಿನ ಮುಂದೆ ಒಂದು ಮೆತ್ತೆ ಇಡುತ್ತೇವೆ. ಆಟಗಾರ ಇರುವ ಶಕ್ತಿಯನ್ನೆಲ್ಲ ಹಾಕಿ ಅದನ್ನು ಮುಂದಕ್ಕೆ ಒದೆಯಬೇಕು. ತೊಡೆಯಲ್ಲಿ ಎಷ್ಟು ಬಲವಿದೆ ಎಂದು ಯಂತ್ರ ಅಂಕಿ ತೋರಿಸುತ್ತದೆ. ಹುಡುಗರೆಲ್ಲ ಗದ್ದಲ ಮಾಡುತ್ತ, ಒಬ್ಬರನ್ನೊಬ್ಬರು ಕಿಚಾಯಿಸುತ್ತ ಒದ್ದರು. ಕೊನೆಗೆ ಬಂದವನು ಸದ್ದಿಲ್ಲದೆ ಕುಳಿತು ಎರಡೂ ಕಾಲು ಒದ್ದು, ಎದ್ದು, ಯಂತ್ರದ ಮೇಲೆ ಬಿದ್ದಿದ್ದ ತನ್ನ ಬೆವರನ್ನು ತಾನೇ ಟವಲಿನಿಂದ ಒರೆಸಿದ. ಉಳಿದವರು ಯಾರೂ ಒರೆಸಿರಲಿಲ್ಲ. “ನಾನು ಹಸಿಂತೋ. ಇವರು ಜ್ಯಾಕ್ ಅಂತಾರೆ,” ಎಂದ. ನಾನು ವಸುಧಾ, ಇವರು ವಾಸ್ ಅಂತಾರೆ ಎಂದೆ. ಅಂದಿನಿಂದ ಅವನೊಬ್ಬನೇ ನನ್ನ ಹೆಸರನ್ನು ಪೂರ್ತಿ ಕರೆದ, ನಾನೊಬ್ಬಳೇ ಅವನದನ್ನು.

ಅವನಿಗೆ ಮೂವತ್ತೈದು. ಸ್ಪೇನ್ ದೇಶದ ಉತ್ತರದ ಬಯಲಿನಲ್ಲಿ ಗೋಧಿ, ಬೀಟ್ ಗೆಡ್ಡೆ ಬೆಳೆಯುವ ಒಂದು ಊರಿನವನು. ಅಪ್ಪ ಸಕ್ಕರೆ ಕಾರ್ಖಾನೆಗೆ ಗೆಡ್ಡೆ ಹೊರುವ ಲಾರಿಯ ಡ್ರೈವರ್. ಹದಿನಾಲ್ಕಕ್ಕೆ ಮನೆ ಬಿಟ್ಟು ದೂರದ ಪಟ್ಟಣದ ಕ್ಲಬ್ಬಿನ ಹಾಸ್ಟೆಲಿಗೆ ಸೇರಿದ್ದ. ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುವೆ ನಿಂತು ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ತಲುಪಿಸುವವನು. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ತಡೆದವನದೂ ಬರುತ್ತದೆ. ಇವನದು ತಪ್ಪು ಮಾಡಿದ ದಿನ ಮಾತ್ರ ಬರುತ್ತದೆ. “ನಮ್ಮಪ್ಪನದೂ ಇದೇ ಕೆಲಸ,” ಎನ್ನುತ್ತಿದ್ದ, “ತೆಗೆದುಕೊಂಡು ಹೋಗಿ ಇಳಿಸೋದು.”

ಅವನ ವೃತ್ತಿಜೀವನವನ್ನು ನಾನು ಓದಿದ್ದು ಅವನ ಮೈಮೇಲೆ. ಎಡ ಪಾದದ ಗೆಣ್ಣು ಕೊಂಚ ದಪ್ಪ. ಅದು ಹತ್ತೊಂಬತ್ತರಲ್ಲಿ ಸ್ಪೇನಿನ ಎರಡನೇ ದರ್ಜೆಯ ಕ್ಲಬ್ಬಿನಲ್ಲಿ ಮುರಿದದ್ದು. ಹುಬ್ಬಿನ ಮೇಲಿನ ಗೆರೆ ಬರ್ಮಿಂಗ್‌ಹ್ಯಾಮಿನದು. ಇಪ್ಪತ್ತಮೂರಕ್ಕೆ ಅಲ್ಲಿಗೆ ಬಂದು ಎರಡು ಚಳಿಗಾಲ ಈ ದೇಶದ ಅತಿ ಮೇಲಿನ ದರ್ಜೆಯಲ್ಲಿ ಆಡಿದ್ದ. ಯಾರದೋ ಮೊಣಕೈ ಬಡಿದಿತ್ತು. ತೊಡೆಯ ಹಿಂದಿನ ಗಂಟು ಲೀಡ್ಸ್‌ನದು. ಕಿಬ್ಬೊಟ್ಟೆಯ ಹೊಲಿಗೆ ಮ್ಯಾಂಚೆಸ್ಟರ್ ಪಕ್ಕದ ಒಂದು ಕ್ಲಬ್ಬಿನದು. ಬಲ ಮಂಡಿಯ ಎರಡು ಸಣ್ಣ ರಂಧ್ರದ ಗುರುತು ಶೆಫೀಲ್ಡಿನಲ್ಲಾದ ಆಪರೇಷನ್ನಿನದು. ಒಂದೊಂದು ಗಾಯಕ್ಕೂ ಒಂದೊಂದು ದರ್ಜೆ ಕೆಳಗಿಳಿಯುತ್ತ ನಮ್ಮ ತಗಡಿನ ಮೈದಾನಕ್ಕೆ ಬಂದು ತಲುಪಿದ್ದ. ನಾನು ಬೆರಳಿಟ್ಟು ಕೇಳಿದ್ದಕ್ಕೆಲ್ಲ ಊರು ಹೇಳಿದ. ಯಾವುದರ ಮೇಲೂ ದೂರಿರಲಿಲ್ಲ, ನೆಂಟರನ್ನು ಪರಿಚಯಿಸುವಂತೆ ಹೇಳಿದ.

ಅಕ್ಟೋಬರಿನ ಒಂದು ಶನಿವಾರ, ಕೆಸರಿನಲ್ಲಿ ತಿರುಗಲು ಹೋಗಿ ಆ ಬಲ ಮಂಡಿ ಮತ್ತೆ ಹೋಯಿತು. ಎರಡು ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಪದರ ಹರಿದಿತ್ತು. ಆಪರೇಷನ್ ಮಾಡಿದ ಸರ್ಜನ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು: ಇದ್ದ ಮೆತ್ತೆಯಲ್ಲಿ ಬಹುಪಾಲು ತೆಗೆದಾಗಿದೆ. ಉಳಿದದ್ದನ್ನು ಕಾಪಾಡುವುದು ಸುತ್ತಲಿನ ಸ್ನಾಯು ಮಾತ್ರ. ತೊಡೆ ಪೂರ್ತಿ ಗಟ್ಟಿಯಾಗದೆ ಆಡಿ, ಇನ್ನೊಮ್ಮೆ ಹರಿದರೆ ಆಮೇಲೆ ಆಟದ ಮಾತಿರುವುದಿಲ್ಲ, ನಡೆಯುವ ಮಾತು.

“ಮೇ ತಿಂಗಳಿಗೆ ಆಗುತ್ತಾ?” ಎಂದು ಹಸಿಂತೋ ಕೇಳಿದ. ಸೀಸನ್ನಿನ ಕೊನೆಯ ಮ್ಯಾಚ್ ಮೇ ಮೊದಲ ಶನಿವಾರ ನಮ್ಮ ಮೈದಾನದಲ್ಲೇ ಇತ್ತು.

“ನನ್ನನ್ನು ಕೇಳಬೇಡಿ,” ಎಂದು ಸರ್ಜನ್ ನನ್ನ ಕಡೆ ಕೈ ತೋರಿಸಿದರು. “ಇವರ ಯಂತ್ರವನ್ನು ಕೇಳಿ.”

ಹೀಗೆ ಚಳಿಗಾಲವಿಡೀ ಹಸಿಂತೋನ ಬಲಗಾಲು ನನ್ನ ಜವಾಬ್ದಾರಿಯಾಯಿತು. ಸ್ಟ್ಯಾಂಡಿನ ಕೆಳಗೆ ಒಂದು ಉದ್ದನೆಯ ಕೋಣೆ. ಒಂದು ಹೀಟರ್, ಅದು ತನ್ನ ಕಾಲಡಿಯನ್ನಷ್ಟೇ ಬಿಸಿ ಮಾಡಿಕೊಳ್ಳುತ್ತಿತ್ತು. ಮೊದಲು ಮಂಡಿ ಮಡಚುವುದು, ಆಮೇಲೆ ಮೆಟ್ಟಿಲು ಹತ್ತಿ ಇಳಿಯುವುದು, ಆಮೇಲೆ ಸೈಕಲ್, ಆಮೇಲೆ ಭಾರ. ಒಂದೇ ಚಲನೆಯನ್ನು ಮುನ್ನೂರು ಸಲ ಮಾಡಿಸುವ ಕೆಲಸ ಇದು. ಮಾಡುವವನಿಗಿಂತ ಎಣಿಸುವವಳಿಗೆ ಬೇಸರ. ಹಸಿಂತೋ ಒಂದು ದಿನವೂ ತಡವಾಗಿ ಬರಲಿಲ್ಲ, ಒಂದು ಸಲವೂ ಕಡಿಮೆ ಮಾಡಲಿಲ್ಲ. ಡಿಸೆಂಬರಿನಲ್ಲಿ ಮೈದಾನ ಹೆಪ್ಪುಗಟ್ಟಿ ಆಟ ರದ್ದಾದ ದಿನಗಳಲ್ಲಿ ಇಡೀ ಕ್ಲಬ್ಬಿನಲ್ಲಿ ನಾವಿಬ್ಬರು, ಗ್ರಹಾಮ್, ಅವನ ಚಹಾದ ಕೆಟಲ್ ಅಷ್ಟೇ.

ಮಧ್ಯಾಹ್ನ ಅವನು ಮನೆಯಿಂದ ಬೇಳೆಯಂಥದೊಂದನ್ನು ಬೇಯಿಸಿ ತರುತ್ತಿದ್ದ. ಅವರ ಊರಿನ ಕಂದು ಕಾಳಂತೆ. ಹುಳಿಯಿಲ್ಲ, ಖಾರವಿಲ್ಲ, ಒಗ್ಗರಣೆಯಂತೂ ಕೇಳಲೇಬೇಡಿ. “ಕಾಯಿಲೆಯವರಿಗೆ ಮಾಡಿದ ಹಾಗಿದೆ,” ಎಂದೆ. “ನಾನು ಕಾಯಿಲೆಯವನೇ ಅಲ್ಲವಾ?” ಎಂದ. ನನ್ನ ಚಟ್ನಿಪುಡಿಯನ್ನು ಅದರ ಮೇಲೆ ಉದುರಿಸಿಕೊಟ್ಟೆ. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂದರೂ ತಟ್ಟೆ ಖಾಲಿ ಮಾಡಿದ. ಮರುದಿನ ಡಬ್ಬಿ ತೆರೆಯುವ ಮುಂಚೆಯೇ ಕೈ ಚಾಚಿದ.

ಶನಿವಾರ ಮ್ಯಾಚಿದ್ದಾಗ ನನ್ನ ಪಕ್ಕದ ಸೀಟಿನಲ್ಲಿ ಕುಳಿತು ಆಟ ನೋಡುವುದನ್ನು ಕಲಿಸಿದ. ನನಗೆ ಫುಟ್‌ಬಾಲ್ ತಿಳಿಯುತ್ತಿರಲಿಲ್ಲ, ಎಲ್ಲರಂತೆ ಚೆಂಡಿನ ಹಿಂದೆ ಕಣ್ಣು ಓಡಿಸುತ್ತಿದ್ದೆ. “ಚೆಂಡು ಬಿಡು. ಅದು ಇನ್ನೂ ಹೋಗಿಲ್ಲವಲ್ಲ, ಆ ಜಾಗ ನೋಡು,” ಎನ್ನುತ್ತಿದ್ದ. ಮೂರ್ನಾಲ್ಕು ವಾರ ಏನೂ ಕಾಣಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಕಂಡಿತು. ಬಲಗಡೆ ಒಂದು ತುಂಡು ಖಾಲಿ ಹುಲ್ಲು, ಅಲ್ಲಿಗೆ ಓಡಲು ಹೊರಟಿರುವ ಒಬ್ಬ, ಅವನನ್ನು ಇನ್ನೂ ಗಮನಿಸದ ಹತ್ತು ಜನ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಹಸಿಂತೋ ಮೈದಾನ ನೋಡದೆ ನನ್ನನ್ನು ನೋಡಿ ನಗುತ್ತಿದ್ದ. ಈ ದೇಶದಲ್ಲಿ ನನ್ನನ್ನು ಯಾರಾದರೂ ಸಮಾನಳೆಂದು ಕಂಡಿದ್ದರೆ ಮೊದಲು ಅವನು. ಅವನೆಂದರೆ ನನಗೆ ಗೌರವವಿತ್ತು, ಅಕ್ಕರೆ ಇತ್ತು. ಆಮೇಲೆ ಆದದ್ದಕ್ಕೆ ಅದೂ ಒಂದು ಕಾರಣ.

ಫೆಬ್ರವರಿಯಲ್ಲಿ ಹಿಮ ಬಿದ್ದು ಬಸ್ಸು ನಿಂತ ದಿನ ಅವನೇ ಕಾರಿನಲ್ಲಿ ನನ್ನನ್ನು ಹಡರ್ಸ್‌ಫೀಲ್ಡಿಗೆ ಬಿಟ್ಟ. ದಾರಿಯುದ್ದ ಕಾರು ಬಸವನಹುಳುವಿನ ಹಾಗೆ ತೆವಳುತ್ತಿತ್ತು. ಇಷ್ಟೆಲ್ಲ ಆದ ಮೇಲೂ ಮೇ ತಿಂಗಳ ಒಂದು ಮ್ಯಾಚಿಗೆ ಯಾಕೆ ಇಷ್ಟು ಹಟ ಎಂದು ಕೇಳಿದೆ.

“ಬರ್ಮಿಂಗ್‌ಹ್ಯಾಮಿನಲ್ಲಿ ನನ್ನ ಕೊನೆಯ ಮ್ಯಾಚು ಯಾವುದು ಅಂತ ಆಡುವಾಗ ನನಗೆ ಗೊತ್ತಿರಲಿಲ್ಲ,” ಎಂದ. “ಆಡಿದೆ, ಸ್ನಾನ ಮಾಡಿದೆ, ಮನೆಗೆ ಹೋದೆ. ಮಂಗಳವಾರ ಫೋನ್ ಬಂತು. ಗುರುವಾರ ಲೀಡ್ಸ್‌ನಲ್ಲಿದ್ದೆ. ಆಮೇಲೆ ಎಲ್ಲಾ ಕಡೆನೂ ಹಾಗೇ. ಒಂದೋ ಫೋನ್, ಇಲ್ಲಾ ಸ್ಟ್ರೆಚರ್. ಹದಿನಾರು ವರ್ಷದಲ್ಲಿ ಒಂದು ಕಡೆನೂ ಇದು ಕೊನೇದು ಅಂತ ತಿಳಿದು ಆಡಿಲ್ಲ. ಒಂದೇ ಒಂದು ಸಲ ತಿಳಿದು ಆಡಬೇಕು. ಇಪ್ಪತ್ತು ನಿಮಿಷ ಸಾಕು. ಆಮೇಲೆ ನನ್ನ ಕಾಲ ಮೇಲೆ ನಾನೇ ನಡೆದು ಆಚೆ ಬರಬೇಕು.”

ಅವನು ಬೇಡಿದ್ದು ಇಷ್ಟೇ. ದುರಾಸೆಯ ಮಾತು ಒಂದೂ ಇರಲಿಲ್ಲ. ಕೊಡಿಸಿಯೇ ತೀರುತ್ತೇನೆ ಎಂದು ನಾನು ಆ ಕಾರಿನಲ್ಲೇ ಮನಸ್ಸಿನಲ್ಲಿ ಅಂದುಕೊಂಡೆ.

ಏಪ್ರಿಲ್ ಕೊನೆಯ ಸೋಮವಾರ ಕಡೆಯ ಪರೀಕ್ಷೆ. ನಿಯಮ ಸರಳ: ಗಾಯಗೊಂಡ ಕಾಲಿನ ಬಲ ಒಳ್ಳೆಯ ಕಾಲಿನ ಬಲದ ನೂರಕ್ಕೆ ತೊಂಬತ್ತರಷ್ಟಾದರೂ ಇರಬೇಕು. ಮೊದಲು ಎಡಗಾಲು ಒದ್ದ. ನೂರ ತೊಂಬತ್ತೆಂಟು. ಆಮೇಲೆ ಬಲಗಾಲು. ಹಲ್ಲು ಕಚ್ಚಿ, ಕುತ್ತಿಗೆಯ ನರ ಉಬ್ಬಿ, ಕುರ್ಚಿಯ ಹಿಡಿಯನ್ನು ಕಿತ್ತು ಬರುವಂತೆ ಹಿಡಿದು ಒದ್ದ. ನೂರ ಎಂಬತ್ತು. ನಾನು ಅಲ್ಲೇ ಫೋನಿನಲ್ಲಿ ಭಾಗಿಸಿ ನೋಡಿದೆ. “ತೊಂಬತ್ತೊಂದು!” ಎಂದು ಕೂಗಿಬಿಟ್ಟೆ. ಕೋಣೆಯಲ್ಲಿದ್ದ ಹುಡುಗರು ಚಪ್ಪಾಳೆ ಹೊಡೆದರು. ಒಬ್ಬ ಓಡಿಹೋಗಿ ಮ್ಯಾನೇಜರನಿಗೆ ಹೇಳಿದ. ಕಾಲು ಗಂಟೆಯಲ್ಲಿ ಶನಿವಾರದ ಪಟ್ಟಿಯಲ್ಲಿ ಅವನ ಹೆಸರು ಬಂದಿತ್ತು. ಗ್ರಹಾಮ್ ಬಂದು ನನ್ನ ಬೆನ್ನು ತಟ್ಟಿದ. ಅದು ಅವನ ಮಟ್ಟಿಗೆ ಒಂದು ಭಾಷಣ.

ವರದಿ ಬರೆಯಲು ಮಧ್ಯಾಹ್ನ ಹಳೆಯ ಹಾಳೆಗಳನ್ನು ತೆಗೆದೆ. ಆಗಸ್ಟಿನದು ಕೈಗೆ ಬಂತು. ಎಡಗಾಲು: ಇನ್ನೂರ ನಲವತ್ತು.

ಎರಡು ಸಲ ನೋಡಿದೆ. ಗಾಯವೇ ಆಗದ ಕಾಲು, ಚಳಿಗಾಲವಿಡೀ ನಾನೇ ಭಾರ ಎತ್ತಿಸಿದ ಕಾಲು, ನಲವತ್ತೆರಡು ಕಳೆದುಕೊಂಡಿತ್ತು. ಕಳೆದುಕೊಂಡಿರಲಿಲ್ಲ ಅನ್ನಿ, ಬಚ್ಚಿಟ್ಟುಕೊಂಡಿತ್ತು. ಅವನು ಕೆಟ್ಟ ಕಾಲನ್ನು ಮೇಲೆತ್ತಲಾಗದೆ ಒಳ್ಳೆಯ ಕಾಲನ್ನು ಕೆಳಗಿಳಿಸಿದ್ದ. ಎಡಗಾಲಿನಿಂದ ಮೆತ್ತಗೆ ಒದ್ದು, ಬಲಗಾಲಿನಿಂದ ಜೀವ ಬಿಟ್ಟು ಒದ್ದು, ಎರಡನ್ನೂ ಜೋಡಿ ಮಾಡಿದ್ದ. ನಿಜವಾದ ಲೆಕ್ಕದಲ್ಲಿ ಅದು ತೊಂಬತ್ತೊಂದಲ್ಲ, ಎಪ್ಪತ್ತೈದು. ಅನುಭವವಿದ್ದ ಯಾವ ಫಿಸಿಯೋ ಆದರೂ ಮೊದಲು ಹಳೆಯ ಹಾಳೆ ನೋಡಿ ಆಮೇಲೆ ಬಾಯಿ ಬಿಡುತ್ತಾನೆ. ನಾನು ಮೊದಲು ಕೂಗಿ ಆಮೇಲೆ ನೋಡಿದ್ದೆ.

ಮರುದಿನ ಬೆಳಿಗ್ಗೆ ಅವನು ಸೈಕಲ್ ತುಳಿಯುತ್ತಿದ್ದಾಗ ಎರಡು ಹಾಳೆಯನ್ನೂ ಅವನ ಮುಂದೆ ಹಿಡಿದೆ.

“ಎಡಗಾಲು ಆಗಸ್ಟಿನಲ್ಲಿ ಇನ್ನೂರ ನಲವತ್ತು. ನಿನ್ನೆ ನೂರ ತೊಂಬತ್ತೆಂಟು. ಏನಿದು?”

“ವಯಸ್ಸಾಯ್ತಲ್ಲ,” ಎಂದ, ತುಳಿಯುತ್ತಲೇ.

“ಒಂದೇ ಕಾಲಿಗಾ?”

ಆಗ ನಿಲ್ಲಿಸಿದ. ಟವಲಿನಿಂದ ಮುಖ ಒರೆಸಿಕೊಂಡು ಬಹಳ ಹೊತ್ತು ಟವಲನ್ನು ಮುಖದ ಮೇಲೇ ಇಟ್ಟುಕೊಂಡಿದ್ದ. “ಎಲ್ಲರೂ ಕೆಟ್ಟ ಕಾಲನ್ನೇ ನೋಡ್ತಾರೆ,” ಎಂದ. “ಒಳ್ಳೇ ಕಾಲನ್ನ ಯಾರೂ ನೋಡಲ್ಲ. ಇದು ನಮ್ಮಲ್ಲಿ ಹಳೇ ಉಪಾಯ. ಲೀಡ್ಸ್‌ನಲ್ಲೂ ಮಾಡಿದ್ದೆ, ಶೆಫೀಲ್ಡಿನಲ್ಲೂ ಮಾಡಿದ್ದೆ.”

“ಶೆಫೀಲ್ಡಿನಲ್ಲಿ ಆಡಿದ ಮೇಲೆ ಏನಾಯ್ತು?”

ಬಲ ಮಂಡಿಯ ಆ ಎರಡು ಗುರುತಿನ ಮೇಲೆ ಟವಲು ಎಳೆದುಕೊಂಡ. “ಇಪ್ಪತ್ತು ನಿಮಿಷ, ವಸುಧಾ. ನಿನ್ನ ಕಾಗದದಲ್ಲಿ ಸುಳ್ಳು ಒಂದೂ ಇಲ್ಲ. ಯಂತ್ರ ತೋರಿಸಿದ್ದನ್ನ ಬರೆದಿದ್ದೀಯ. ಸಹಿ ಹಾಕು.”

ಮ್ಯಾಚಿಗೆ ನಾಲ್ಕು ದಿನವಿತ್ತು. ಗುರುವಾರ ಸಂಜೆ ಶಬಾನಾ ರೊಟ್ಟಿ ಬಡಿಯುತ್ತ ನನ್ನ ಮುಖ ನೋಡಿದಳು. ಉಳಿದ ಕನ್ನಡದವರ ಜೊತೆ ಬೆಂಗಳೂರಿನ ಕನ್ನಡ ಆಡುತ್ತಿದ್ದವಳು, ಸಿಟ್ಟು ಬಂದರೆ ನೇರ ಧಾರವಾಡಕ್ಕೆ ಹೋಗುತ್ತಿದ್ದಳು.

“ಏನಾಗೇತಿ ಹೇಳ. ಮೂರು ದಿನಾ ಆತು, ಮಾರಿ ಹುಳ್ಳಗ ಮಾಡ್ಕೊಂಡ ಕುಂತೀ.”

ಎಲ್ಲ ಹೇಳಿದೆ. ಅವಳು ರೊಟ್ಟಿ ತಿರುವಿ ಹಾಕಿದಳು.

“ಅಂವಗ ಆಡಬೇಕು. ನಿನಗ ಅಂವನ್ನ ಆಡಿಸಿ ತೋರಸಬೇಕು. ಇಬ್ಬರೂ ಕೂಡಿ ಆ ಮಂಡೀನ್ನ ಒಂದ ಮಾತು ಕೇಳವಲ್ರಿ.”

“ಅವನ ಕಾಲು, ಅವನಿಷ್ಟ ಅಲ್ವೇನೇ? ದೊಡ್ಡವನು, ಎಲ್ಲಾ ಗೊತ್ತಿರೋನು.”

“ಹಂಗಾದ್ರ ನಿನ್ನ ಸಹಿ ಯಾಕ ಬೇಕ ಅಂವಗ?” ಎಂದಳು ಶಬಾನಾ. “ಅಂವನ ಇಷ್ಟನ ಸಾಕಾಗಿದ್ರ ನಿನಗ ಅಲ್ಲಿ ಏನ ಕೆಲಸ?”

ನನಗೆ ಸಿಟ್ಟು ಬಂತು. ಅವಳಿಗೆ ಫುಟ್‌ಬಾಲ್ ಗೊತ್ತಿಲ್ಲ, ಹಸಿಂತೋ ಗೊತ್ತಿಲ್ಲ, ಮನುಷ್ಯನಿಗೆ ಕೊನೆಯದೆಂಬುದು ಎಷ್ಟು ಮುಖ್ಯ ಎಂಬುದು ಗೊತ್ತಿಲ್ಲ ಎಂದೆಲ್ಲ ಅಂದುಕೊಂಡೆ. ಅವಳು ಕೇಳಿದ್ದು ಸರಿಯಾಗಿತ್ತೆಂದೇ ಅಷ್ಟು ಸಿಟ್ಟು ಬಂದದ್ದು.

ಶುಕ್ರವಾರ ಗ್ರಹಾಮ್ ಕಾಗದ ತಂದು ಮೇಜಿನ ಮೇಲಿಟ್ಟ. “ತೊಂಬತ್ತೊಂದು ತಾನೆ?” ಎಂದ. ಹೌದು ಎಂದೆ. “ನನಗೆ ಹೇಳಬೇಕಾದ್ದು ಇನ್ನೇನಾದರೂ ಇದೆಯಾ?” ಎಂದು ಕೇಳಿ, ಚಹಾದ ಕಪ್ ಹಿಡಿದು ಕಾದ. ಅವನಿಗೆ ಏನಾದರೂ ಅನುಮಾನವಿತ್ತೋ, ಎಲ್ಲರನ್ನೂ ಹಾಗೇ ಕೇಳುತ್ತಿದ್ದನೋ, ನನಗೆ ಇಂದಿಗೂ ತಿಳಿಯದು. ಆಗಸ್ಟಿನ ಹಾಳೆ ನನ್ನ ಡ್ರಾಯರಿನಲ್ಲಿತ್ತು, ಕೈಗೆಟುಕುವಷ್ಟು ಹತ್ತಿರ. “ಇಲ್ಲ,” ಎಂದೆ. ಸಹಿ ಹಾಕಿದೆ.

ಯಾಕೆ ಹಾಕಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವನ ಮೇಲಿನ ಮರುಕ ಎಂದು ಬಹಳ ದಿನ ನಂಬಿದ್ದೆ. ಮರುಕವಿತ್ತು, ಇಲ್ಲವೆನ್ನುವುದಿಲ್ಲ. ಜೊತೆಗೆ, ನಾನೇ ಕೂಗಿದ ತೊಂಬತ್ತೊಂದನ್ನು ನಾನೇ ಸುಳ್ಳೆಂದು ಒಪ್ಪಿಕೊಳ್ಳುವ ನಾಚಿಕೆಯೂ ಇತ್ತು. ನನ್ನ ಕೈಯಿಂದ ದುರಸ್ತಿಯಾದ ಮೊದಲ ಆಟಗಾರ ಎಲ್ಲರ ಮುಂದೆ ಮೈದಾನಕ್ಕೆ ಓಡಿಹೋಗುವುದನ್ನು ನೋಡುವ ಆಸೆಯೂ ಇತ್ತು. ಇವುಗಳಲ್ಲಿ ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಹೇಳಲಾರೆ.

ಶನಿವಾರ ಬಿಸಿಲು ಬಿದ್ದಿತ್ತು. ಎಂಟು ತಿಂಗಳು ಕೆಸರಾಗಿದ್ದ ಮೈದಾನ ಒಣಗಿ, ಬೆಟ್ಟದ ಕಡೆಯಿಂದ ಕುರಿಗಳ ಸದ್ದು ಕೇಳುತ್ತಿತ್ತು. ಗೆದ್ದರೂ ಸೋತರೂ ಏನೂ ವ್ಯತ್ಯಾಸವಾಗದ ಮ್ಯಾಚು. ಎಪ್ಪತ್ತನೇ ನಿಮಿಷಕ್ಕೆ ಹಸಿಂತೋ ಇಳಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವನು ಗೆರೆ ದಾಟುವ ಮುಂಚೆ ಬಗ್ಗಿ ಹುಲ್ಲನ್ನು ಮುಟ್ಟಿ ಆ ಕೈಯನ್ನು ಎದೆಗೆ ಒತ್ತಿಕೊಂಡ. ನಮ್ಮವರೂ ಹೀಗೇ ಮಾಡುತ್ತಾರಲ್ಲ ಎಂದುಕೊಂಡೆ.

ಆ ಹದಿನೇಳು ನಿಮಿಷ ಅವನು ಆಡಿದ ಆಟವನ್ನು ನಾನು ಮರೆಯಲಾರೆ. ಓಡಲಿಲ್ಲ, ಓಡುವ ಅಗತ್ಯವೇ ಬೀಳಲಿಲ್ಲ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ಇರುತ್ತಿದ್ದ. ಒಮ್ಮೆ ತಲೆ ಎತ್ತದೆಯೇ, ಇಡೀ ಮೈದಾನದ ಅಡ್ಡಕ್ಕೆ, ಯಾರೂ ಇಲ್ಲದ ಜಾಗಕ್ಕೆ ಚೆಂಡು ಕಳಿಸಿದ. ಅಲ್ಲಿ ಯಾರೂ ಇಲ್ಲ ಎಂದು ಎಲ್ಲರೂ ಅಂದುಕೊಳ್ಳುವಷ್ಟರಲ್ಲಿ ನಮ್ಮವನೊಬ್ಬ ಅಲ್ಲಿದ್ದ. ಆ ಹುಡುಗ ಹೊಡೆದದ್ದು ಗೋಲುಕಂಬದ ಮೇಲೆ ಹಾದುಹೋಯಿತು, ಅದು ಬೇರೆ ವಿಷಯ. ಆ ಜಾಗ ನನಗೆ ಮೊದಲೇ ಕಂಡಿತ್ತು. ಸಹಿ ಹಾಕಿದ್ದು ಸರಿಯಾಯಿತು ಎಂದು ಆ ಗಳಿಗೆ ಎದೆಯುಬ್ಬಿಸಿಕೊಂಡೆ.

ಎಂಬತ್ತೇಳನೇ ನಿಮಿಷ, ನಾನು ಕುಳಿತಿದ್ದ ಬೆಂಚಿನ ಎದುರೇ, ಹೊರಗೆ ಹೋಗುತ್ತಿದ್ದ ಚೆಂಡನ್ನು ಉಳಿಸಿಕೊಳ್ಳಲು ಬಲಗಾಲು ಊರಿ ತಿರುಗಿದ. ಅವನನ್ನು ಯಾರೂ ಮುಟ್ಟಿರಲಿಲ್ಲ. ಕಾಲು ಅಲ್ಲೇ ಉಳಿಯಿತು, ಮೈ ತಿರುಗಿತು. ಕೂಗಲಿಲ್ಲ. ಹುಲ್ಲಿನ ಮೇಲೆ ಕುಳಿತು, ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಕಡೆ ನೋಡಿದ. ಸ್ಟ್ರೆಚರ್ ಬಂದಾಗ ಬೇಡವೆಂದು ತಲೆಯಾಡಿಸಿದ. ಒಂದು ಕಡೆ ನಾನು, ಒಂದು ಕಡೆ ಗ್ರಹಾಮ್ ಹೆಗಲು ಕೊಟ್ಟೆವು. ಜನ ಚಪ್ಪಾಳೆ ನಿಲ್ಲಿಸಲೇ ಇಲ್ಲ.

“ಈಗ ಗೊತ್ತಾಯ್ತು,” ಎಂದ ನನ್ನ ಕಿವಿಯ ಬಳಿ. “ಇದು ಕೊನೇದು ಅಂತ.”

ನಾನು ಅದನ್ನು ಕೃತಜ್ಞತೆ ಎಂದುಕೊಂಡೆ. ಎರಡೂವರೆ ವರ್ಷ ಹಾಗೇ ಅಂದುಕೊಂಡಿದ್ದೆ.

ಯಾರೂ ನನ್ನನ್ನು ಏನೂ ಕೇಳಲಿಲ್ಲ. ಇಂಥ ಮಂಡಿಗಳು ಹೋಗುವುದೇ ಹೀಗೆ ಎಂದ ಗ್ರಹಾಮ್. ಕಾಗದ ಸರಿಯಾಗಿತ್ತು, ತೊಂಬತ್ತೊಂದು ಸರಿಯಾಗಿತ್ತು. ನನ್ನ ಸೀಸನ್ನಿನ ಕೆಲಸ ಮುಗಿಯಿತು. ಒಳ್ಳೆಯ ಮಾತು ಬರೆದ ಪತ್ರ ಹಿಡಿದು ಬರ್ಮಿಂಗ್‌ಹ್ಯಾಮಿಗೆ ಬಂದೆ. ಹಸಿಂತೋಗೆ ಎರಡು ಸಲ ಮೆಸೇಜ್ ಮಾಡಿದೆ. ಚೆನ್ನಾಗಿದ್ದೇನೆ ಎಂದು ಬರೆದ. ಸುಲಭವಾಗಿ ನಂಬಿದೆ.

ಹೋದ ವರ್ಷ ನವೆಂಬರಿನಲ್ಲಿ ಒಂದು ತರಬೇತಿಗೆಂದು ಶೆಫೀಲ್ಡಿಗೆ ಹೋಗಿದ್ದೆ. ಮುಗಿಸಿಕೊಂಡು ಬ್ರೂಮ್‌ಹಿಲ್ ಬಡಾವಣೆಯ ಇಳಿಜಾರಿನಲ್ಲಿ ಇಳಿದು ಬರುವಾಗ ಬಸ್‌ಸ್ಟಾಪಿನ ಬೆಂಚಿನ ಮೇಲೆ ಅವನು ಕುಳಿತಿದ್ದ. ಅವನ ಹೆಂಡತಿಯ ಊರು ಅದು, ಅಲ್ಲೇ ನೆಲೆಸಿದ್ದನಂತೆ. ಆಸ್ಪತ್ರೆಗೆ ಬಂದಿದ್ದೆ ಎಂದ. ಪಕ್ಕದಲ್ಲಿ ಕೋಲಿತ್ತು. ಅದನ್ನು ನೋಡಿಯೂ ನೋಡದಂತೆ ಕುಳಿತೆ. ಆ ಸೀಸನ್ನಿನಲ್ಲಿ ಹೆಜ್ಜೆಯಿಡಲು ಕಲಿಯುತ್ತಿದ್ದ ಮಗಳಿಗೆ ಈಗ ನಾಲ್ಕು ವರ್ಷವಾಗಿದೆ ಎಂದ. ಪಾರ್ಕಿಗೆ ಕರೆದುಕೊಂಡು ಹೋದರೆ ಅವಳು ಚೆಂಡು ಒದೆಯುತ್ತಾಳೆ, ಅದನ್ನು ತರಲು ಬೇರೆ ಮಕ್ಕಳ ಅಪ್ಪಂದಿರನ್ನು ಕೇಳಬೇಕಾಗುತ್ತದೆ ಎಂದು ನಗುತ್ತ ಹೇಳಿದ. ಮಂಡಿ ಬದಲಿಸಲು ಅವನಿಗೆ ಇನ್ನೂ ವಯಸ್ಸಾಗಿಲ್ಲವಂತೆ, ಆಗುವವರೆಗೆ ಹೀಗೇ.

“ಆ ದಿನ ತುಂಬಾ ಚೆನ್ನಾಗಿ ಆಡಿದ್ರಿ,” ಎಂದೆ.

“ಹೌದು,” ಎಂದ. ಆಮೇಲೆ ಯಾವ ಕೋಪವೂ ಇಲ್ಲದೆ, ತಿಳಿದುಕೊಳ್ಳಲೆಂದೇ ಕೇಳುವವನಂತೆ, “ಯಾಕೆ ಸಹಿ ಹಾಕಿದೆ, ವಸುಧಾ?” ಎಂದ.

“ನೀವು ಕೇಳಿದ್ರಲ್ಲ.”

“ಎಲ್ಲರನ್ನೂ ಕೇಳ್ತಿದ್ದೆ. ಹದಿನಾರು ವರ್ಷ ಎಲ್ಲರನ್ನೂ ಕೇಳಿದೆ, ಎಲ್ಲರೂ ಹಾಕಿಕೊಟ್ಟರು. ಅವರಿಗೆ ನನ್ನ ಆಟ ಬೇಕಿತ್ತು.” ಅವನು ಮಂಡಿಯನ್ನು ನೀವಿಕೊಂಡ. “ಒಳ್ಳೇ ಕಾಲನ್ನ ನೋಡಿದವಳು ನೀನೊಬ್ಬಳೇ. ಆ ಎರಡು ಹಾಳೆ ತಂದು ಮುಂದೆ ಹಿಡಿದೆಯಲ್ಲ, ಆಗ ನನಗೆ ಒಳಗೊಳಗೇ ಸಮಾಧಾನ ಆಯ್ತು. ಇವಳು ಬಿಡಲ್ಲ ಅಂದುಕೊಂಡೆ. ಶುಕ್ರವಾರದವರೆಗೂ ಕಾದೆ.”

“ತಪ್ಪು ಮಾಡಿದೆ,” ಎಂದೆ. ಕನ್ನಡದಲ್ಲಿ ಹೇಳಿದೆ, ಇಂಗ್ಲಿಷಿನಲ್ಲಿ ಮತ್ತೆ ಹೇಳಿದೆ. ಅವನು ಹೌದೆಂಬಂತೆ ತಲೆಯಾಡಿಸಿದ. ಪರವಾಗಿಲ್ಲ ಎನ್ನಲಿಲ್ಲ. ಅದಕ್ಕಾಗಿ ನಾನು ಅವನಿಗೆ ಋಣಿ.

ಬಸ್ಸು ಬಂತು. ಅವನು ಕೋಲೂರಿ ಎದ್ದು ನಿಲ್ಲುವುದನ್ನು ಡ್ರೈವರ್ ಗಾಜಿನ ಹಿಂದಿನಿಂದ ನೋಡಿದ. ಏನೋ ಒತ್ತಿದ. ಇಡೀ ಬಸ್ಸು ಉಸ್ಸೆಂದು ಗಾಳಿ ಬಿಟ್ಟು, ನಮ್ಮ ಕಡೆಗೆ ಬಾಗಿ, ಬಾಗಿಲನ್ನು ಫುಟ್‌ಪಾತಿನ ಮಟ್ಟಕ್ಕೆ ತಂದು ನಿಂತಿತು. ಇಲ್ಲಿಯ ಬಸ್ಸುಗಳಲ್ಲಿ ಮುದುಕರಿಗಾಗಿ ಇರುವ ಏರ್ಪಾಡು ಅದು. ಮೂವತ್ತೆಂಟು ವರ್ಷದ ಹಸಿಂತೋ ಡ್ರೈವರಿಗೆ ಥ್ಯಾಂಕ್ಸ್ ಹೇಳಿ, ಎಡಗಾಲನ್ನು ಒಳಗಿಟ್ಟು, ಕಂಬಿ ಹಿಡಿದು ಬಲಗಾಲನ್ನು ಎಳೆದುಕೊಂಡ.